ಕಾರಣ ಎಂಬ ಕಾಲಂ

ಕಿಣಿ ಸಾರ್ ಬರೆದಿಟ್ಟು ಹೋದ ತೂಕದ ಪ್ರೋಗ್ರಾಂ
ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಏಳುವುದಿಲ್ಲ.
ತಿದ್ದಿ ಎಬ್ಬಿಸಲು ಕಿಣಿ ಸಾರೂ ಇಲ್ಲ.
ಹಳೆ ಡಬ್ಬದ ಫ್ಯಾನು ಜನವರಿಯಿಂದ
ಹಲ್ಲರಿಗೆ ಕಲ್ಲು ಸಿಕ್ಕಂತೆ ಕೆಮ್ಮುತ್ತಿದೆ.
ಚೆರ್ರಿ ಹೊತ್ತ ಲಾರಿಗಳು ಗೇಟಿನಾಚೆ
ಹಿರೇಮಗಳೂರಿನ ಕಡೆಗೆ ಮುಖ ತಿರುಗಿಸಿ ನಿಂತಿವೆ.

ಮಾಲೀಕರು ಹೊಸ ಸರ್ವರ್ ತರಿಸಿದರು.
"ಒಂದೇ ಪೆಟ್ಟಿಗೆ ಫ್ಲೇವಿ, ಎಲ್ಲಾ ಅದರೊಳಗೇ ಇರಲಿ,
ತೂಕ, ಪಗಾರ, ಜಿಎಸ್‌ಟಿ, ಗೋದಾಮು."
ಅಂದರೆ ಒಂದು ವಠಾರ.
ನಾಲ್ಕು ಸಂಸಾರ, ಒಂದೇ ನಲ್ಲಿ, ಒಂದೇ ಮೀಟರು,
ಇಡೀ ಕಟ್ಟಡ ತನ್ನದೇ ಎಂದು ಒಬ್ಬೊಬ್ಬರಿಗೂ ನಂಬಿಕೆ.
ನಾನು ಹುಡುಕಬೇಕಾಗಿದ್ದು
ಇವರಿಗೊಬ್ಬ ಯಜಮಾನನನ್ನು.

ಮೊದಲು ಬಂದದ್ದು ದುಡ್ಡಿನದು.
ಇಸ್ತ್ರಿ ಶರಟು, ಒಳ್ಳೆ ಮಾತು.
ಕೋರಿಗಿಷ್ಟು ಅಂತ ಲೆಕ್ಕ ಹಾಕಿತು. ಹದಿನಾರು ಕೋರು.
ಮನೆಗೆ ನೆಂಟರು ಬಂದರೂ ಬಾಗಿಲಲ್ಲಿ ನಿಂತು
ತಲೆ ಎಣಿಸುವವರ ಪೈಕಿ.

ಎರಡನೆಯದು ಚೆಂದ.
ನನ್ನ ಲ್ಯಾಪ್‌ಟಾಪಿನಲ್ಲೂ ಅದೇ, ಪ್ರೀತಿಯೂ ಇದೆ.
ಗುರುವಾರ ರಾತ್ರಿ ತನ್ನಷ್ಟಕ್ಕೆ ತಾನೇ
ಏನೋ ಅಪ್‌ಡೇಟ್ ಹಾಕಿಕೊಂಡು ಮಲಗಿ ಎದ್ದಿತು.
ಪಗಾರದ ಪಟ್ಟಿ ಅರ್ಧದಲ್ಲಿತ್ತು.
ಕಾಳು ಹೆಕ್ಕುವ ನಲವತ್ತೊಂದು ಹೆಂಗಸರ ಹೆಸರು
ಜಯಂತಿಯ ತನಕ ಬಂದು ನಿಂತಿತ್ತು.
ಯಜಮಾನ ತನ್ನ ಗೋಡೆಗೆ ಸುಣ್ಣ ಹೊಡೆಯಲು
ಬಾಡಿಗೆಯವರನ್ನೆಲ್ಲ ನಡುರಾತ್ರಿ
ಚಿಕ್ಕಮಗಳೂರಿನ ಚಳಿಗೆ ನಿಲ್ಲಿಸಿದ ಹಾಗೆ.

ಮೂರನೆಯದು ಡೆಬಿಯನ್.
ಕಪ್ಪು ಪರದೆ, ಬಿಳಿ ಅಕ್ಷರ, ಮಿಟುಕುವ ಒಂದು ಗೆರೆ.
ಗೋಡೆಗೊಂದು ಕ್ಯಾಲೆಂಡರೂ ಇಲ್ಲದ ಮನೆ.
ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ.
ಕಿಣಿ ಸಾರ್ ಪ್ರೋಗ್ರಾಮಿಗೆ ಒಂದು ಡಾಂಗಲ್ ಬೇಕು,
ಬೆರಳ ತುದಿಯಷ್ಟು ಹಸಿರು ಪ್ಲಾಸ್ಟಿಕ್ಕು.
ಅದನ್ನು ಮುಟ್ಟದೆ ತೂಕ ಹೇಳದು.
ಹೊರಗೆ ಚುಚ್ಚಿದ್ದನ್ನು ಒಳಗಿರುವವನ ಕೈಗೆ ದಾಟಿಸಬೇಕು,
ನಡುವೆ ತಾನು ಇಟ್ಟುಕೊಳ್ಳದೆ.
ಎರಡು ರಾತ್ರಿ ಹೋಯಿತು. ಕೊಂಕಣಿಯಲ್ಲಿ ಬೈದೆ.
ಮೂರನೆಯ ರಾತ್ರಿ ಒಂದು ಸಾಲು ತಿದ್ದಿದ್ದೇ
ಒಳಗೆ ಎಕ್ಸ್‌ಪಿ ಕಣ್ಣು ಬಿಟ್ಟಿತು:
ಅದೇ ಹಸಿರು ಗುಡ್ಡ, ಅದೇ ಆಕಾಶ.
ಮೈ ಬದಲಾದದ್ದು ಅದಕ್ಕೆ ಗೊತ್ತೇ ಇಲ್ಲ.
"ವೆಲ್‌ಕಮ್ ಕಿಣಿ" ಅಂದಿತು.
ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

ಆಮೇಲೆ ಕರೆಂಟು ತೆಗೆದೆ.
ಬೇಕೆಂದೇ. ಯುಪಿಎಸ್ಸಿನ ಪ್ಲಗ್ಗನ್ನೂ ಕಿತ್ತು
ಕತ್ತಲಲ್ಲಿ ನೂರು ಎಣಿಸಿ ಮತ್ತೆ ಚುಚ್ಚಿದೆ.
ಮೊದಲು ತಾನು ಎದ್ದಿತು.
ಗೋದಾಮನ್ನು ಎಬ್ಬಿಸಿತು, ಅದು ಎದ್ದು ಕೂತ ಮೇಲೆ ತೂಕವನ್ನು,
ಆಮೇಲೆ ಪಗಾರವನ್ನು,
ಕೊನೆಗೆ ಸದಾ ಗೊಣಗುವ ಜಿಎಸ್‌ಟಿಯನ್ನು.
ನನ್ನನ್ನು ಏನೂ ಕೇಳಲಿಲ್ಲ.

"ಪುಕ್ಕಟೆ ಅಂತೀಯ," ಮಾಲೀಕರೆಂದರು,
"ಕೆಟ್ಟರೆ ಯಾರನ್ನ ಬೈಯೋದು?"
ದುಡ್ಡಿನದಕ್ಕೆ ಒಂದು ಫೋನ್ ನಂಬರಿತ್ತು, ನಿಜ.
"ನನ್ನನ್ನ" ಅಂದೆ.
ಅಂದ ಮೇಲೆ ಹೊಟ್ಟೆಯಲ್ಲಿ ಏನೋ ಜಾರಿತು.
ಪುಕ್ಕಟೆಗೂ ಬಾಡಿಗೆ ಇದೆ,
ಅದು ಇದು.

ಸೋಮವಾರ ಮೊದಲ ಲಾರಿ ತೂಕದ ಕಟ್ಟೆ ಹತ್ತಿತು.
ಪ್ರಿಂಟರು ಕಿರ್ರೆಂದಿತು. ಬಸವಾಚಾರಿ ಚೀಟಿ ಹರಿದು
ಕಿಟಕಿಯಿಂದ ಕೂಗಿದ,
"ಬದಲಾಯಿಸ್ತೀನಿ ಅಂದಿದ್ರಲ್ಲ ಮೇಡಂ, ಯಾವತ್ತು?"

ಖರೀದಿ ಪುಸ್ತಕದಲ್ಲಿ ಆಯ್ಕೆಯ ಪಕ್ಕ
ಕಾರಣ ಎಂಬ ಕಾಲಂ ಇನ್ನೂ ಖಾಲಿ.
"ಅಗ್ಗ" ಅಂತ ಬರೆದು ಹೊಡೆದು ಹಾಕಿದೆ.
ಅಂಗಳದಲ್ಲಿ ಜಯಂತಿ, ಮಾತಾಡುತ್ತಲೇ, ನೋಡದೆಯೇ,
ಕಪ್ಪುಕಾಳೊಂದನ್ನು ಹೆಬ್ಬೆರಳಲ್ಲಿ ಆಚೆ ತಳ್ಳಿದಳು.
ಯಾಕೆ ಅದನ್ನೇ ಅಂತ ಒಮ್ಮೆ ಕೇಳಿದ್ದೆ.
"ಕೈಗೆ ಗೊತ್ತಾಗುತ್ತೆ ಬಿಡಿ" ಅಂದಿದ್ದಳು.
ಅದನ್ನು ಪುಸ್ತಕದಲ್ಲಿ ಬರೆಯುವ ಹಾಗಿಲ್ಲ.
ಸದ್ಯಕ್ಕೆ ಆ ಕಾಲಮಿನಲ್ಲಿ
ಯುಪಿಎಸ್ ಬ್ಯಾಟರಿಯ ರೇಟು ಬರೆದಿಟ್ಟಿದ್ದೇನೆ,
ಪೆನ್ಸಿಲಿನಲ್ಲಿ.